ಫುಕಟ ಪೆಟ್ಟಿಗಿ

ಸಂಖ ಊರಾಗ ಟಿವಿ ರಿಪೇರಿ ಮಾಡುವ ಕಾಸೀಂಸಾಬನಿಗೆ ಫುಕಟ ಬಂದದ್ದೆಲ್ಲದರ ಮ್ಯಾಲೂ ಸಂಶಯ. ಟಿವಿಗೆ ಹಚ್ಚುವ ಕೆಟ್ಟ ಮೀಡಿಯಾ ಪ್ಲೇಯರ್ ಪೆಟ್ಟಿಗಿಗೆ, ಪರದೇಶದವರು ಫುಕಟ ಹಂಚುವ ಲಿನಕ್ಸ್ ಎಂಬ ಹಗುರಾದ ಸಾಫ್ಟ್‌ವೇರ್ ಹಾಕಿ ಸಣ್ಣ ಕಂಪ್ಯೂಟರ್ ಮಾಡುವಾಗಲೂ ಅದಿರುವ ಪೆನ್‌ಡ್ರೈವನ್ನು ತಿರುವಿ ಮುರುವಿ ನೋಡುತ್ತಾನೆ. ಒಳಗಿನ ಸುದ್ದಿ ಹೊರಗೆ ಹೋದೀತೆಂದು ಅಂಗಡಿಯ ಫೋನಿನ ವೈರು ಕಿತ್ತಿಡುತ್ತಾನೆ. ಕಳ್ಳನನ್ನು ಕಾಯುವ ಪೊಲೀಸನಂತೆ ಪರದೆಯ ಮುಂದೆ ಕೂತು, ಚಹಾಕ್ಕೂ ಏಳುವುದಿಲ್ಲ. “ಪರದೇಶದವರು ದುಡಿದು ನಮಗ್ಯಾಕ ಫುಕಟ ಕೊಡ್ತಾರ? ಇದರಾಗ ಏನೋ ಐತಿ,” ಎಂದು ಗೊಣಗುತ್ತಾನೆ. ಹಂಗ ತಯಾರಾದ ಒಂದು ಪೆಟ್ಟಿಗಿಯನ್ನು ಮೊನ್ನೆ ಕೂಲಿ ಮಾಡುವ ಚಂದವ್ವನ ಮನಿಗೆ, ಅವಳ ಮೊಮ್ಮಗಳ ಸಾಲಿ ಅಭ್ಯಾಸಕ್ಕೆ ಇರಲೆಂದು, ಫುಕಟ ಕೊಡಲು ತಾನೇ ಒಯ್ದ. ಚಂದವ್ವ ಅದನ್ನು ಮುಟ್ಟಲೇ ಇಲ್ಲ. “ರೊಕ್ಕ ಬ್ಯಾಡಂತೀರಿ. ಇದರಾಗ ಏನೋ ಐತ್ರಿ, ಸಾಬ್ರ!” ಪೆಟ್ಟಿಗಿ ಹಿಡಿದುಕೊಂಡೇ ನಿಂತ ಕಾಸೀಂಸಾಬನಿಗೆ ಆ ಪರದೇಶದವರ ಸಂಕಟ ಮೊದಲ ಸಲ ತಿಳಿಯಿತು.