ಹಳೆಯ ಹಾಸಿನ ತುದಿ

ನಮ್ಮ ಮನೆಯಲ್ಲಿ ಹೊಸ ವರ್ಷದ ಕ್ಯಾಲೆಂಡರು ಹಳೆಯದರ ಮೇಲೆಯೇ ಏರುತ್ತದೆ. ಮೊಳೆ ಒಂದೇ, ವರ್ಷಗಳು ಹಲವು. ಗೋಡೆಗೇನಾದರೂ ಬಾವು ಬಂದಿದೆಯೇ ಎಂದು ಬಂದವರು ವಿಚಾರಿಸುವಷ್ಟು ಆ ಜಾಗ ಉಬ್ಬಿದೆ. ಹೊಸದು ಬಂದ ಮೇಲೆ ಹಳೆಯದಕ್ಕೆ ಸದ್ಗತಿ ಕಾಣಿಸಬೇಕೆಂಬ ನನ್ನ ಘನ ಸಿದ್ಧಾಂತಕ್ಕೆ, ನನ್ನ ಉಳಿದ ಸಿದ್ಧಾಂತಗಳಿಗೆ ಮನೆಯಲ್ಲಿ ಸಿಗುವಷ್ಟೇ ಮನ್ನಣೆ ಸಿಕ್ಕಿತು. ನನ್ನ ಹೆಂಡತಿ ಇಳಕಲ್ಲಿನ ನೇಕಾರರ ಮಗಳು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ನೂಲು, ನೇಯ್ದು ಮುಗಿದಾಗ ಅವಳ ತಂದೆ ಅದನ್ನು ಪೂರಾ ಕಿತ್ತು ತೆಗೆಯುತ್ತಿರಲಿಲ್ಲ. ತುದಿಯನ್ನು ಮಗ್ಗದಲ್ಲೇ ಉಳಿಸಿಕೊಂಡು, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೆಚ್ಚುತ್ತಿದ್ದರು. ಹಳೆಯ ಎಳೆ ಮುಂದೆ ನಡೆದು ಹೊಸದನ್ನು ಒಳಗೆ ಕರೆತರುತ್ತಿತ್ತು. ಇದನ್ನು ನಾನು ಬಹುಕಾಲ ಮಾವನವರ ಜಿಪುಣತನವೆಂದೇ ಭಾವಿಸಿದ್ದೆ.

ಎಂಬತ್ತರ ದಶಕದ ಕೊನೆಗೆ, ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ನಾನು ಗುಮಾಸ್ತನಾಗಿದ್ದಾಗ, ಅಲ್ಲಿಗೊಂದು ಕಂಪ್ಯೂಟರ್ ಬಂತು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಧೂಳಿನ ಭಯಕ್ಕೆ ವಿಧಿಸಿದ ಆ ನಿಯಮ ಕ್ರಮೇಣ ಭಕ್ತಿಯಾಗಿ ಮಾರ್ಪಟ್ಟು, ಹಣೆಗೆ ಮೂರು ಬೆರಳ ವಿಭೂತಿ ಧರಿಸಿ ಕುಳಿತ ಯಂತ್ರದೆದುರು ನಾನೂ ತಗ್ಗಿದ ದನಿಯಲ್ಲೇ ಮಾತಾಡುತ್ತಿದ್ದೆ. ಕಲಾದಗಿಯಿಂದ ಪಟ್ಟದಕಲ್ಲಿನವರೆಗಿನ ರಕ್ತದಾನಿಗಳ ಹೆಸರುಗಳು ಅದರೊಳಗಿದ್ದವು.

ಆ ಹೆಸರುಗಳನ್ನು ನೋಡಿಕೊಳ್ಳುವ ಪ್ರೋಗ್ರಾಮಿನ ಹೊಸ ಆವೃತ್ತಿ ಫ್ಲಾಪಿಗಳಲ್ಲಿ ಬಂದಾಗ, ವಿದ್ಯಾಗಿರಿಯ ಕಾಲೇಜಿನಲ್ಲಿ ಕಲಿಸುತ್ತಿದ್ದ ಪಾಟೀಲರು ಅದನ್ನು ಕೂಡಿಸಲು ಬಂದರು. ಹಬ್ಬಕ್ಕೆ ಸಾಮಾನೆಲ್ಲ ಹೊರಗಿಟ್ಟು ಸುಣ್ಣ ಬಳಿಯುವ ಮನೆಯಲ್ಲಿ ಬೆಳೆದ ಶಿಸ್ತಿನ ಮನುಷ್ಯ. ಮೊದಲು ಹಳೆಯ ಆವೃತ್ತಿಯನ್ನು ಗುಡಿಸಿಹಾಕಿ, ಆಮೇಲೆ ಹೊಸದಕ್ಕೆ ಗೃಹಪ್ರವೇಶ ಮಾಡಿಸಿದರು. ಹೆಸರುಗಳೇನೋ ಡಿಸ್ಕಿನಲ್ಲಿ ಭದ್ರವಾಗಿದ್ದವು, ಆದರೆ ಹೊಸದಕ್ಕೆ ಅವನ್ನು ಓದಲು ಬರಲಿಲ್ಲ. ಬಂದದ್ದು ಮೂರನೆಯ ಆವೃತ್ತಿ; ಅದಕ್ಕೆ ಎರಡನೆಯದರ ಗುರುತಿತ್ತು, ನಮ್ಮಲ್ಲಿದ್ದ ಮೊದಲನೆಯದರದು ಇರಲಿಲ್ಲ. ಅಜ್ಜನನ್ನು ಕಾಣದ ಮೊಮ್ಮಗ.

ಅದೇ ಮಧ್ಯಾಹ್ನ ಹುನಗುಂದದಿಂದ ಶಾಂತವ್ವ ಎಂಬ ಬಾಣಂತಿಯನ್ನು ಕರೆತಂದರು. ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಅವಳದು ಅಪರೂಪದ ಗುಂಪು. ಜೊತೆಗೆ ಬಂದ ನೆಂಟರಲ್ಲಿ ಯಾರ ರಕ್ತವೂ ಹೊಂದಲಿಲ್ಲ. ಅವಳ ತಾಯಿ ಗಂಗವ್ವ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಮ್ಮ ಕೋಣೆಯ ಹೊಸ್ತಿಲಲ್ಲಿ ನಿಂತರು.

"ಸಾಹೇಬ್ರ, ಆ ಪೆಟಗ್ಯಾಗ ರಕ್ತಾ ಕೊಡೋ ಮಂದಿ ಅದಾರಂತಲ್ರಿ. ಒಬ್ರನ್ನರ ಹೊರಗ ಕರೀರಿ."

ಪಾಟೀಲರು ಹೊಸದನ್ನೇ ತಿರುತಿರುಗಿ ಕೂಡಿಸುತ್ತಿದ್ದರು, ಅದು ತನಗೆ ತಿಳಿಯದೆಂದು ತಿರುತಿರುಗಿ ಹೇಳುತ್ತಿತ್ತು. ನನಗೆ ಮಾವನವರ ಮಗ್ಗ ನೆನಪಾಯಿತು. ಹಳೆಯದನ್ನೇ ಮತ್ತೆ ಹಾಕಬಾರದೇಕೆ ಎಂದೆ. ಅವರು ಎದ್ದು ಸ್ಕೂಟರ್ ಹತ್ತಿ, ಕಾಲೇಜಿನ ಕಪಾಟಿನಲ್ಲಿದ್ದ ಹಳೆಯ ಫ್ಲಾಪಿಗಳನ್ನು ತಂದರು. ಅವನ್ನು ಹಾಕಿದ ಮೇಲೆ ಹೆಸರುಗಳು ಹಸಿರು ಅಕ್ಷರಗಳಲ್ಲಿ ಒಂದೊಂದಾಗಿ ಎದ್ದುಬಂದವು. ಬಾದಾಮಿಯ ಮಾಸ್ತರರೊಬ್ಬರಿಗೆ ಫೋನು ಹೋಯಿತು. ಅವರು ಪಾಠ ನಿಲ್ಲಿಸಿ ಸಿಕ್ಕ ಜೀಪು ಹತ್ತಿ ಬಂದರು. ಶಾಂತವ್ವ ಉಳಿದಳು.

ಮಗಳನ್ನು ಊರಿಗೆ ಕರೆದೊಯ್ಯುವ ದಿನ ಗಂಗವ್ವ ಮತ್ತೆ ಅದೇ ಹೊಸ್ತಿಲಿಗೆ ಬಂದರು.

"ನನ್ನ ಹೆಸರೂ ಅದರಾಗ ಇಡ್ರಿ. ನಾಳಿ ಯಾರಿಗರ ಬೇಕಾದೀತು."

ಅರವತ್ತು ದಾಟಿದ ಅವರ ರಕ್ತವನ್ನು ಯಾವ ವೈದ್ಯರೂ ತೆಗೆಯುವುದಿಲ್ಲವೆಂದು ನಮಗೆ ಗೊತ್ತಿತ್ತು. ಆದರೂ ಪಾಟೀಲರು ಕುಳಿತು ಹೆಸರನ್ನು ಒತ್ತಿದರು. ಆಮೇಲೆ ಎರಡನೆಯ ಆವೃತ್ತಿಯನ್ನು ಎಲ್ಲಿಂದಲೋ ತರಿಸಿ, ಮೊದಲನೆಯದರಿಂದ ಅದಕ್ಕೆ, ಅದರಿಂದ ಮೂರನೆಯದಕ್ಕೆ ಹೆಸರುಗಳನ್ನು ದಾಟಿಸಿದರು. ಹೊಸದು ಸರಾಗವಾಗಿ ನಡೆಯುವವರೆಗೆ ಹಳೆಯದನ್ನು ಮುಟ್ಟಲಿಲ್ಲ. ಮುಂದೆ ಆವೃತ್ತಿ ಬದಲಾದಾಗಲೆಲ್ಲ ಗಂಗವ್ವನವರು ಈಚೆ ಬಂದರೇ ಎಂದೇ ನಾನು ಮೊದಲು ನೋಡುತ್ತಿದ್ದೆ. ಅವರು ತೀರಿಕೊಂಡ ಸುದ್ದಿ ಬಂದ ಮೇಲೂ ಆ ಹೆಸರನ್ನು ಅಳಿಸಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ.

ಈ ಸಲ ಹೊಸ ಕ್ಯಾಲೆಂಡರನ್ನು ನಾನೇ ತಂದೆ. ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹಳೆಯದನ್ನು ತೆಗೆಯದೆ, ಅದರ ಮೇಲೆಯೇ ತೂಗುಹಾಕಿದೆ. ಮೊಳೆ ತುಸು ಬಾಗಿತು, ಆದರೆ ಹಿಡಿದುಕೊಂಡಿತು.