ಆಯಿಲ್ ಮುಚ್ಚಳದ ಬಿಳಿ ನೊರೆ

ನಮ್ಮ ಕಾರಿನ ಇಂಜಿನ್ ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ ತೆಗೆದ ನನ್ನ ಮಗ ಅದರ ಒಳಭಾಗವನ್ನು ನನ್ನ ಮುಖದ ಮುಂದೆ ಹಿಡಿದ. ಮಜ್ಜಿಗೆ ಕಡೆಯುವಾಗ ಪಾತ್ರೆಯ ಅಂಚಿಗೆ ಮೆತ್ತಿಕೊಳ್ಳುತ್ತದಲ್ಲ, ಅಂಥ ಬಿಳಿ ನೊರೆ. ಕರೀ ಎಣ್ಣೆ ಇರಬೇಕಾದ ಕಡೆ ಬಿಳಿ ಕಂಡರೆ ನನ್ನಂಥ ಗೊತ್ತಿಲ್ಲದವಳಿಗೂ ಎದೆ ಧಸಕ್ ಎನ್ನುತ್ತದೆ. ಪಕ್ಕದ ಕೂಲೆಂಟ್ ಡಬ್ಬಿಯನ್ನೂ ತೋರಿಸಿದ. ಕೆಳಗಿನ ಗೆರೆಗಿಂತ ಇಳಿದಿತ್ತು. ಇಂಜಿನ್ ತಣ್ಣಗಿಡುವ ನೀರು ಒಳಗೊಳಗೇ ಸೋರಿ ಎಣ್ಣೆಗೆ ಸೇರುತ್ತಿದೆ, ಅವೆರಡನ್ನೂ ಬೇರೆ ಇಡುವ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಷ್ಟು ಹಳೇ ಗಾಡಿಯ ಇಂಜಿನ್ ಬಿಚ್ಚಿಸುವುದು ದಂಡ, ಗುಜರಿಯವರಿಗೆ ಹೇಳಿಬಿಡೋಣ ಎಂದ. ಎಲ್ಲ ಫೋನಿನಲ್ಲಿ ನೋಡಿ ಕಲಿತ ವಿದ್ಯೆ. ಆದರೂ ಅದು ತಪ್ಪೆನ್ನಲು ನನ್ನ ಹತ್ತಿರ ಏನಿತ್ತು?

ನಮ್ಮ ಯಜಮಾನರು ಗೇಟಿನ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡರು. ಇಂಜಿನ್ನೇ ಹೋಗಿದ್ದರೆ ಕೊಟ್ಟುಬಿಡು ಎಂದಷ್ಟೇ ಹೇಳಿ ಒಳಗೆ ಹೋಗಿ ಟಿವಿ ಮುಂದೆ ಕೂತರು. ಟಿವಿ ಹಾಕಿರಲಿಲ್ಲ.

ನನಗೆ ನಿಜವಾಗಿ ಹೆದರಿಕೆ ಆದದ್ದು ಆಗ. ಸಕ್ಕರೆ ಕಾಯಿಲೆ ಅವರ ಎಡಗಣ್ಣನ್ನು ತಿಂದುಹಾಕಿದ ಮೇಲೆ, ಇನ್ನು ಗಾಡಿ ಓಡಿಸಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಇವರು ಅಲ್ಲಿ ಕೋಲೆಬಸವನ ಹಾಗೆ ತಲೆಯಾಡಿಸಿ, ಮನೆಗೆ ಬಂದು, ಇನ್ನೊಂದು ಕಣ್ಣು ಚೆನ್ನಾಗಿದೆಯಲ್ಲ, ಇದೆಲ್ಲ ಸ್ವಲ್ಪ ದಿನ ಅಷ್ಟೇ ಎಂದುಬಿಟ್ಟರು. ಅಂದಿನಿಂದ ಬಸವೇಶ್ವರನಗರದ ನಮ್ಮ ಮನೆ ಮುಂದೆ ಹೊಂಗೆ ಮರದ ಕೆಳಗೆ ನಿಂತ ಆ ಕಾರಿಗೋಸ್ಕರವೇ ಅವರು ಬೆಳಗ್ಗೆ ಎದ್ದು ಗಡ್ಡ ಕೆರೆದುಕೊಳ್ಳುತ್ತಿದ್ದರು. ನಾನು ಕಾಫಿ ಫಿಲ್ಟರಿಗೆ ಬಿಸಿನೀರು ಹೊಯ್ದ ಕೂಡಲೇ ಹೊರಗೆ ಹೋಗಿ ಸ್ಟಾರ್ಟ್ ಮಾಡುವುದು, ಡಿಕಾಕ್ಷನ್ ಇಳಿದು ನಾನು ಕೂಗುವವರೆಗೆ ಸ್ಟೀರಿಂಗ್ ಹಿಡಿದು ಕೂರುವುದು, ಆಫ್ ಮಾಡಿ ಒಳಗೆ ಬರುವುದು. ಗಾಡಿ ಒಂದಡಿಯೂ ಮುಂದೆ ಹೋಗುತ್ತಿರಲಿಲ್ಲ. ದಿನಾ ಸ್ಟಾರ್ಟ್ ಮಾಡದಿದ್ದರೆ ನಿಂತ ಗಾಡಿ ಕೆಟ್ಟುಹೋಗುತ್ತದೆ ಎನ್ನುವುದು ನಮ್ಮ ಬೀದಿಯ ಗಂಡಸರೆಲ್ಲರ ನಂಬಿಕೆ. ಈಗ ಆ ಕಾರೂ ಹೋದರೆ ಈ ಮನುಷ್ಯ ಬೆಳಗ್ಗೆ ಯಾವುದಕ್ಕೆ ಏಳಬೇಕು?

ಮೆಕ್ಯಾನಿಕ್ ಬಂದು ನೋಡುವವರೆಗೆ ಗುಜರಿಯವರು ನಮ್ಮ ಬೀದಿಗೆ ಕಾಲಿಡಬಾರದು ಎಂದು ಮಗನಿಗೆ ಹೇಳಿ ಕಳಿಸಿದೆ. ಸುಮ್ಮನೆ ಹಟ ಮಾಡುತ್ತೀಯ ಎಂದ. ಮಾಡುತ್ತೇನೆ, ನನ್ನ ಹಟ ಅವನಿಗೆ ಹೊಸದೇನಲ್ಲ.

ಮಾರನೇ ದಿನ ಸುಂಕದಕಟ್ಟೆಯಿಂದ ಮೆಕ್ಯಾನಿಕ್ ಬಂದ. ಇಂಜಿನ್ ತಣ್ಣಗಿರಲಿ ಎಂದು ಅವನು ಮೊದಲೇ ಹೇಳಿದ್ದರಿಂದ ಅವತ್ತು ಸ್ಟಾರ್ಟ್ ಮಾಡಿರಲಿಲ್ಲ. ಇವರು ಶೇವ್ ಕೂಡ ಮಾಡಿಕೊಂಡಿರಲಿಲ್ಲ. ನೊರೆ ನೋಡಿದ್ದೇ ಮೆಕ್ಯಾನಿಕ್ಕಿನ ಮುಖ ಸಪ್ಪಗಾಯಿತು. ಗ್ಯಾಸ್ಕೆಟ್ಟೇ ಇರಬೇಕು ಆಂಟಿ ಎಂದ. ಇರಬೇಕು ಗಿರಬೇಕು ಬೇಡಪ್ಪ, ನೋಡಿ ಹೇಳು ಎಂದೆ. ಅವನಿಗೆ ಸಿಟ್ಟು ಬಂತು, ಬರಲಿ.

ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು ಬಟ್ಟೆಗೆ ಒರೆಸಿದ. ಕಪ್ಪಗೆ, ಶುದ್ಧ ಎಣ್ಣೆ. ಇಷ್ಟಕ್ಕೇ ಖುಷಿಪಡಬೇಡಿ ಎಂದು ಗಾಡಿ ಕೆಳಗೆ ತೂರಿದ. ನೀರು ಸೇರಿದ್ದರೆ ಭಾರಕ್ಕೆ ತಳದಲ್ಲಿ ಕೂತಿರುತ್ತದಂತೆ, ಬೋಲ್ಟ್ ಸಡಿಲಿಸಿದರೆ ಅದೇ ಮೊದಲು ಬರುತ್ತದಂತೆ. ಟ್ರೇ ಇಟ್ಟು ತಿರುಗಿಸಿದ. ದೂರ ನಿಂತಿದ್ದ ಇವರೂ ಬಂದು ಬಗ್ಗಿದರು. ಮೊದಲ ಹನಿ ಬೀಳಲು ಅಷ್ಟು ಹೊತ್ತು ಯಾಕೆ ಬೇಕಿತ್ತೋ. ಬಿದ್ದದ್ದು ಕಪ್ಪು ಎಣ್ಣೆ.

ಆಮೇಲೆ ರೇಡಿಯೇಟರ್ ಬಾಯಿಗೆ ಒಂದು ಕೈಪಂಪು ಸಿಕ್ಕಿಸಿ ಗಾಳಿ ಒತ್ತಿದ. ಅದರ ಮುಳ್ಳು ಏರಿದಲ್ಲೇ ನಿಂತರೆ ಸೋರಿಕೆ ಇಲ್ಲ, ಇಳಿದರೆ ಇದೆ. ಮುಳ್ಳು ಒಂದು ಗಳಿಗೆ ನಿಂತು, ಮೆಲ್ಲಗೆ ಜಾರತೊಡಗಿತು. ಇಳೀತಾ ಇದೆ ಎಂದು ಮೊದಲು ಹೇಳಿದವರು ಇವರೇ, ಅದನ್ನೇ ಕಾಯುತ್ತಿದ್ದವರ ಹಾಗೆ. ಹೇಳಿ ಮನೆ ಕಡೆ ತಿರುಗಿದರು. ನಾನು ಅಂಗಿ ತೋಳು ಹಿಡಿದು ಜಗ್ಗಿದೆ.

"ಎಲ್ಲಿಗ್ರೀ? ನಿಂತ್ಕೊಳ್ಳಿ ಇಲ್ಲೇ."

ಸೋರುವುದು ಖಾತ್ರಿ, ಒಳಗೋ ಹೊರಗೋ ಎನ್ನುವುದೇ ಪ್ರಶ್ನೆ ಎಂದ ಮೆಕ್ಯಾನಿಕ್ ಟಾರ್ಚ್ ಬೆಳಕು ಬಿಟ್ಟು ಇಂಜಿನ್ನಿನ ಹಿಂಬದಿಗೆ ಕೈ ತೂರಿಸಿ ತಡಕಿದ. ಕೈ ಹೊರಗೆ ತೆಗೆದಾಗ ಬೆರಳು ಹಸಿರು ಕೂಲೆಂಟಿನಲ್ಲಿ ಒದ್ದೆಯಾಗಿತ್ತು. ಹಳೇ ಪೈಪಿನ ಕ್ಲಿಪ್ಪು ಬಿಗಿ ಕಳೆದುಕೊಂಡು ಹೊರಗೇ ಜಿನುಗುತ್ತಿತ್ತು. ಹೊಸ ಕ್ಲಿಪ್ ಹಾಕಿ ಮತ್ತೆ ಪಂಪು ಒತ್ತಿದ. ಸೊಪ್ಪಿನವಳು ಬಂದು ಕೂಗಿದಳು, ನಾನು ತಿರುಗಲಿಲ್ಲ. ಎದುರುಮನೆಯವರು ಏನಾಯಿತು ಎಂದು ಕೇಳಿದರು, ಇವರು ಮುಳ್ಳು ನೋಡುತ್ತಲೇ ಕೈ ಬೀಸಿದರು. ಸೊಪ್ಪಿನ ಗಾಡಿ ಬೀದಿ ಕೊನೆ ದಾಟಿದರೂ ಮುಳ್ಳು ಅಲ್ಲಾಡಲಿಲ್ಲ.

ಹಾಗಾದರೆ ನೊರೆ ಎಲ್ಲಿಂದ ಬಂತು ಎಂದು ಕೇಳಿದೆ. ಗಾಡಿ ಎಷ್ಟು ದೂರ ಓಡುತ್ತದೆ ಎಂದು ಅವನು ತಿರುಗಿ ಕೇಳಿದ. ಓಡುವುದಿಲ್ಲ ಎಂದು, ಬೆಳಗಿನ ಕಥೆಯೆಲ್ಲ ಹೇಳಿದೆ. ಅವನು ನಕ್ಕುಬಿಟ್ಟ. ಅಷ್ಟಕ್ಕೆ ಇಂಜಿನ್ ಪೂರ್ತಿ ಕಾಯುವುದಿಲ್ಲ, ಒಳಗಿನ ಹಬೆ ಆರದೆ ಮುಚ್ಚಳಕ್ಕೆ ಕಟ್ಟಿ ಎಣ್ಣೆ ಜೊತೆ ನೊರೆಯಾಗುತ್ತದೆ, ಹೀಗೆ ಸ್ಟಾರ್ಟ್ ಮಾಡುವುದಕ್ಕಿಂತ ಸುಮ್ಮನೆ ನಿಲ್ಲಿಸಿದ್ದರೇ ವಾಸಿ ಇತ್ತು ಎಂದ. ಎಣ್ಣೆ ಬದಲಾಯಿಸಿ ಕೊಡ್ತೀನಿ, ಆಗಾಗ ದೂರ ಓಡಿಸಿ, ನೊರೆ ತಾನೇ ಹೋಗುತ್ತೆ ಎಂದ.

"ಹಂಗಾದ್ರೆ ಕೆಡಿಸ್ತಾ ಇದ್ದಿದ್ದು ನಾನೇ," ಅಂದರು ಇವರು.

ಕಾರು ಉಳಿಯಿತು ಎಂದು ಕುಣಿಯಬೇಕಾದ ಹೊತ್ತಿನಲ್ಲಿ ಇಂಥ ಮಾತು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಮೆಕ್ಯಾನಿಕ್ ಹೊಸ ಎಣ್ಣೆ, ಕೂಲೆಂಟ್ ತುಂಬಿ ಹೋದದ್ದೇ ಒಳಗಿಂದ ಕೀ ತಂದು, ಹತ್ತಿ ಕೂತುಕೊಳ್ಳಿ, ಕೆಂಗೇರಿಗೆ ಹೋಗಿ ಬರೋಣ ಎಂದೆ. ನನಗೂ ಲೈಸೆನ್ಸ್ ಇದೆ. ಪಕ್ಕ ಕೂತು ಇವರು ಹಿಡಿಯುವ ತಪ್ಪುಗಳಿಗೆ ಹೆದರಿ ಓಡಿಸುವುದು ಬಿಟ್ಟಿದ್ದೆ, ಅಷ್ಟೇ.

ವಿಜಯನಗರ ದಾಟುವವರೆಗೂ ಬೈಗುಳ. ಕ್ಲಚ್ ಮೇಲಿಂದ ಕಾಲು ತೆಗಿ, ಸೆಕೆಂಡಿಗೆ ಹಾಕು. ಬಾಪೂಜಿ ನಗರದ ಹತ್ತಿರ ಇಂಜಿನ್ ಕಾದು ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು. ಅದನ್ನು ನೋಡಿ ಇವರ ಮುಖ ಸ್ವಲ್ಪ ಸಡಿಲವಾಯಿತು. ಜ್ಞಾನಭಾರತಿ ಹತ್ತಿರ ಮುಂದಿನ ಬಸ್ಸು ದಿಢೀರ್ ಎಂದು ನಿಂತಿತು. ನಾನು ಇಂಡಿಕೇಟರ್ ಹಾಕಿ ಎಡಕ್ಕೆ ಹೊರಳಬೇಕಿತ್ತು.

"ಎಡಗಡೆ ಖಾಲಿ ಇದೆ, ಹೋಗು."

ಹೊರಳಿಸಿದೆ. ಕಿವಿಗೆ ಹೊಡೆಯುವ ಹಾಗೆ ಹಾರನ್. ಬ್ರೇಕ್ ಒತ್ತಿದೆ, ಇಂಜಿನ್ ನಿಂತೇಹೋಯಿತು. ಇವರ ಕಿಟಕಿಗೆ ಅಂಗೈಯಷ್ಟು ದೂರದಲ್ಲಿ ಒಂದು ಆಟೋ. ಅದರವನು ಬಾಯಿಗೆ ಬಂದದ್ದು ಬೈದು ಮುಂದೆ ಹೋದ. ಹಿಂದಿನವರೆಲ್ಲ ಹಾರನ್ ಹೊಡೆಯುತ್ತಿದ್ದರು. ನನ್ನ ಬಾಯಿ ತುಂಬಾ ಸಿಟ್ಟಿತ್ತು. ಬೈಯಲು ತಿರುಗಿದರೆ ಇವರು ಇಡೀ ಮುಖವನ್ನು ಕಿಟಕಿ ಕಡೆ ತಿರುಗಿಸಿ, ಆಟೋ ಇದ್ದ ಜಾಗವನ್ನೇ ನೋಡುತ್ತಿದ್ದರು.

"ನಂಗೆ ಆ ಕಡೆ ಕಾಣಲ್ಲ ಕಣೇ," ಅಂದರು. "ನೀನೇ ನೋಡ್ಕೊಂಡು ಓಡ್ಸು."

ಡಾಕ್ಟರ ಮುಂದೆಯೂ ಆಡದ ಮಾತು ಅದು. ನಾನು ಬಗ್ಗಿ ಎಡಗಡೆ ನೋಡಿದೆ, ಸ್ಟಾರ್ಟ್ ಮಾಡಿದೆ, ಗಾಡಿ ಮುಂದೆ ಬಿಟ್ಟೆ. ಕೆಂಗೇರಿವರೆಗೂ ಅವರು ನನಗೆ ಒಂದು ತಪ್ಪೂ ಹೇಳಲಿಲ್ಲ.