ಅಳದ ಮಕ್ಕಳ ಊರು

ಮದುವೆಯಾಗಿ ಶಿವನಿ ಸ್ಟೇಷನ್ನಿಗೆ ಹತ್ತಿರದ ಆ ಹಳ್ಳಿಗೆ ಹೋದ ಮೊದಲ ವರ್ಷ ನನಗೆ ಬಲು ವಿಚಿತ್ರವಾಗಿ ಕಂಡದ್ದು ಅಲ್ಲಿನ ಮಕ್ಕಳು ಅಳದೇ ಇದ್ದದ್ದು. ನನ್ನ ತವರು ಸಖರಾಯಪಟ್ಟಣದ ಕಡೆ. ಅಲ್ಲಿ ಒಂದು ಮನೆಯ ಕೂಸು ಅತ್ತರೆ ಅಕ್ಕಪಕ್ಕದವರೆಲ್ಲ ಬಂದು ಯಾಕೆ ಏನು ಎಂದು ವಿಚಾರಿಸುತ್ತಿದ್ದರು. ಇಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಹೆಂಗಸರು ಬೆಳಿಗ್ಗೆಯೇ ಎರೆ ಹೊಲಕ್ಕೆ ಹೊರಟುಬಿಡುತ್ತಿದ್ದರು. ಕೂಸುಗಳು ಮನೆಯಲ್ಲಿ ಮುದುಕಿಯರ ಜೊತೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಅಳು ಕೇಳುತ್ತಿರಲಿಲ್ಲ. ಎಷ್ಟು ಒಳ್ಳೆಯ ಮಕ್ಕಳು ಅಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನನ್ನ ಮೊದಲ ಮಗ ಗೌರಿ ಹಬ್ಬದ ಹಿಂದೆಮುಂದೆ ತವರಿನಲ್ಲಿ ಹುಟ್ಟಿದ. ಮೂರು ತಿಂಗಳಿಗೆ ತೊಟ್ಟಿಲ ಸಮೇತ ನನ್ನನ್ನು ಗಂಡನ ಮನೆಗೆ ಕಳಿಸಿದರು. ಅತ್ತೆಗೆ ಮೊಮ್ಮಗನೆಂದರೆ ಪ್ರಾಣ. ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಸಾಣೆಕಲ್ಲಿನ ಮೇಲೆ ಬಜೆ ತೇಯ್ದು ನಾಲಿಗೆಗೆ ನೆಕ್ಕಿಸುತ್ತಿದ್ದರು. ಆ ಬಜೆಯ ಜೊತೆಗೆ ಕರ್ರಗಿನ ಇನ್ನೇನನ್ನೋ ತೇಯುವುದನ್ನು ಒಂದು ದಿನ ಕಂಡು ಕೇಳಿದೆ.

"ಅಪೀಮು ಕಣೇ. ಒಂದ್ ಸಾಸಿವೆ ಕಾಳಷ್ಟು. ನಿನ್ ಗಂಡನ್ನೂ ಹಿಂಗೇ ಸಾಕಿದ್ದು, ಸತ್ತೋದ್ನಾ?" ಅಂದರು.

ಅದು ಮಾವನ ಡಬ್ಬಿಯಿಂದ ಬರುತ್ತಿತ್ತು. ಮಾವನಿಗೆ ಹಳೇ ಕೆಮ್ಮು. ಕೆಮ್ಮಿಗೆಂದು ಯಾವ ಕಾಲದಲ್ಲೋ ಹಿಡಿದದ್ದು ಅವರನ್ನೇ ಹಿಡಿದುಕೊಂಡಿತ್ತು. ಸುಣ್ಣದ ಡಬ್ಬಿಯಷ್ಟು ಚಿಕ್ಕದೊಂದು ಹಿತ್ತಾಳೆ ಡಬ್ಬಿ ಸದಾ ಸೊಂಟದಲ್ಲಿ. ಸರ್ಕಾರ ಅಫೀಮಿಗೆ ಬಿಗಿ ಮಾಡುತ್ತಿದ್ದ ಕಾಲವದು. ಆದರೂ ಆಗಾಗ ಶಿವನಿಯಲ್ಲಿ ರೈಲು ಹತ್ತಿ ಕಡೂರಿಗೆ ಹೋಗಿ ತಮ್ಮ ಪಾಲು ತಂದುಕೊಳ್ಳುತ್ತಿದ್ದರು. ಊರಿನಲ್ಲಿ ಅವರೊಬ್ಬರೇ ಅಲ್ಲ, ಹಾಗೆ ಹೋಗುವ ಮುದುಕರು ಇನ್ನೂ ಇದ್ದರು. ಅವರು ತಂದದ್ದರಲ್ಲಿ ಮನೆಯ ಕೂಸಿಗೂ ಒಂದು ಚೂರು ಸಲ್ಲುತ್ತಿತ್ತು.

ಬೇಡ ಅನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಂದೆ. ಗಂಡನ ಹತ್ತಿರವೂ ಹೇಳಿದೆ. "ಅವ್ವಂಗೆ ಗೊತ್ತಿಲ್ಲದ್ದು ನಿಂಗ್ ಗೊತ್ತಾ?" ಅಂದು ಅವರು ಎತ್ತು ಹೊಡೆದುಕೊಂಡು ಹೋದರು. ಹೊಲದಲ್ಲಿ ಹತ್ತಿ ಒಡೆದು ನಿಂತಿತ್ತು, ಅತ್ತೆಯೊಬ್ಬರನ್ನು ಬಿಟ್ಟು ಮನೆಯ ಹೆಂಗಸರು ಯಾರೂ ಕೂಸಿನ ಜೊತೆ ಕೂರುವ ಹಾಗಿರಲಿಲ್ಲ. ಸೆರಗಿಗೆ ಉಡಿ ಕಟ್ಟಿಕೊಂಡು ನಾನೂ ಹೋದೆ.

ಶಿವರಾತ್ರಿ ಹೊತ್ತಿಗೆ ಮಗು ಕಡ್ಡಿಯ ಹಾಗಾಗಿತ್ತು. ಎದೆಗೆ ಹಾಕಿಕೊಂಡರೆ ಎರಡು ಗುಟುಕು ಕುಡಿದು ಹಾಗೇ ಕಣ್ಣು ಮುಚ್ಚುತ್ತಿತ್ತು. ಹೊಟ್ಟೆ ಕಟ್ಟಿಕೊಂಡು ದಿನಗಟ್ಟಲೆ ಸಲೀಸಾಗುತ್ತಿರಲಿಲ್ಲ. ನಾನು ಮುಖದ ಹತ್ತಿರ ಮುಖ ತಂದು ಮಾತಾಡಿಸಿದರೆ ನನ್ನನ್ನು ದಾಟಿ ಎಲ್ಲೋ ನೋಡುತ್ತಿತ್ತು. ದೃಷ್ಟಿಯಾಗಿದೆ ಎಂದು ಅತ್ತೆ ನೀವಾಳಿಸಿದರು.

ಆಗ ಹಳ್ಳಿ ಸುತ್ತುವ ಒಬ್ಬ ನರ್ಸಮ್ಮ ಬರುತ್ತಿದ್ದರು. ಬಿಳಿ ಸೀರೆ, ಕೈಯಲ್ಲೊಂದು ಚೀಲ, ಮೂಗಿನ ತುದಿಯಲ್ಲೇ ಕೋಪ. ಜಗಲಿಯ ಬೆಳಕಿನಲ್ಲಿ ಮಗುವಿನ ರೆಪ್ಪೆ ಎತ್ತಿ ನೋಡಿದರು. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಿತ್ತು.

"ಅಫೀಮು ಹಾಕ್ತೀರಾ?"

ನಾನು ಅತ್ತೆಯ ಮುಖ ನೋಡಿದೆ.

"ಏನಮ್ಮ, ಅತ್ತೆ ಮುಖ ಯಾಕೆ ನೋಡ್ತೀಯ, ಹೆತ್ತವಳು ನೀನಲ್ವಾ?" ಎಂದು ನನಗೇ ಬೈದರು. ಆಮೇಲೆ ಅತ್ತೆಯನ್ನು ಕೂರಿಸಿಕೊಂಡು, ಇದು ನಿದ್ದೆಯಲ್ಲ, ವಿಷದ ಮಂಪರು, ಕೂಸಿನ ಹಸಿವನ್ನೂ ಉಸಿರನ್ನೂ ತಿನ್ನುತ್ತೆ, ಇವತ್ತಿಗೇ ನಿಲ್ಲಿಸಿ ಎಂದು ಬಿಡಿಸಿ ಹೇಳಿದರು. ಅತ್ತೆ ಮೊಮ್ಮಗನ ತಲೆ ಮುಟ್ಟಿ ಇನ್ನು ಕೊಡುವುದಿಲ್ಲ ಎಂದರು. ಮನಸ್ಸಿನಿಂದಲೇ ಅಂದದ್ದು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಮುಂದಿನ ದಿನಗಳನ್ನು ಹೇಗೆ ಕಳೆದೆವೋ. ಮಗು ಅತ್ತಿತು, ಬರಿಯ ಅಳುವಲ್ಲ. ಮೂಗು ಸೋರಿತು, ಆಕಳಿಸಿತು, ಕೈಕಾಲು ನಡುಗಿತು, ಭೇದಿ ಆಯಿತು. ಮಾವ ಆ ಅಳು ತಡೆಯಲಾರದೆ ದನದ ಕೊಟ್ಟಿಗೆಯಲ್ಲಿ ಹೋಗಿ ಕೂರುತ್ತಿದ್ದರು. ಪಕ್ಕದ ಮನೆಯಾಕೆ ಬಂದು, "ಒಂದ್ ಚೂರು ನೆಕ್ಕಿಸ್ಬಾರ್ದಾ, ಯಾಕಂಗ್ ಗೋಳು ಹುಯ್ಕೋತೀರಿ?" ಅಂದಳು. ಅತ್ತೆ ಅವಳನ್ನು ಬೈದು ಕಳಿಸಿದರು.

ಆಮೇಲೆ ನಿಧಾನವಾಗಿ ಮಗು ನಮ್ಮ ಕಡೆ ತಿರುಗಿತು. ಹಾಲು ಕುಡಿಯತೊಡಗಿತು, ಅದೂ ಕಚ್ಚಿ ಕುಡಿಯಿತು. ದೂರದಲ್ಲಿ ರೈಲು ಕೂಗಿದರೆ ಬೆಚ್ಚಿ ತುಟಿ ಜೋಲಿಸಿ ಅಳುತ್ತಿತ್ತು. ಅಷ್ಟು ದಿನ ಅದೇ ರೈಲು ಅದೇ ಕೂಗು ಹಾಕಿದರೂ ಅವನಿಗೆ ಕೇಳಿಸಿರಲೇ ಇಲ್ಲ. ಒಂದು ಮಧ್ಯಾಹ್ನ ಅತ್ತೆ ಸೀನಿದರೆಂದು ಕಿಲಕಿಲ ನಕ್ಕ. ಅತ್ತೆ ಬೇಕೆಂದೇ ಮತ್ತೆ ಮತ್ತೆ ಸೀನಿದರು. ನಾವಿಬ್ಬರೂ ಅಷ್ಟು ನಕ್ಕದ್ದು ಆ ಮನೆಯಲ್ಲಿ ಅದೇ ಮೊದಲು. ಆ ಕೆಲವು ವಾರ ನಾನು ಸುಖವಾಗಿದ್ದೆ.

ಯುಗಾದಿಗೆ ಮುಂಚೆ ಮೋಡ ಕಟ್ಟಿತು. ಕೊನೆಯ ಸಲದ ಹತ್ತಿ ಒಡೆದು ನಿಂತಿತ್ತು, ಒಂದು ಹನಿ ಬಿದ್ದರೂ ಹತ್ತಿಯೆಲ್ಲ ಕಪ್ಪಾಗುತ್ತದೆ. ಊರಿಗೆ ಊರೇ ಹೊಲಕ್ಕೆ ಬಿತ್ತು. ಮಗುವಿಗೆ ಹಲ್ಲು ಬರುವ ಸಮಯ, ಬೆಳಿಗ್ಗೆಯಿಂದ ಕಿರಿಕಿರಿ. ಹಾಲು ಕೊಟ್ಟು ಅತ್ತೆಯ ಕೈಗೆ ಕೊಟ್ಟು ಹೊರಟೆ. ಮಧ್ಯಾಹ್ನ ಅತ್ತೆ ಅವನನ್ನು ಹೊಲದ ಬದುವಿಗೆ ಎತ್ತಿಕೊಂಡು ಬರುವುದು ವಾಡಿಕೆ. ಅವತ್ತು ಬರಲಿಲ್ಲ. ಎದೆ ಕಟ್ಟಿ ನೋಯುತ್ತಿತ್ತು. ಉಡಿಯಲ್ಲಿದ್ದ ಹತ್ತಿಯ ಸಮೇತ ಮನೆಗೆ ಬಂದೆ.

ಬೀದಿ ಸದ್ದಿಲ್ಲದೆ ಇತ್ತು. ನಮ್ಮ ಮನೆಯೂ.

"ಈಗ ಮಲ್ಗವ್ನೆ, ಎಬ್ಬಿಸ್ಬೇಡ ಕಣೇ. ಅತ್ತೂ ಅತ್ತೂ ಸುಸ್ತಾಗಿದ್ದ," ಅಂದರು ಅತ್ತೆ. ನನ್ನ ಕಣ್ಣು ಹೋಗಿ ಸಾಣೆಕಲ್ಲಿನ ಮೇಲೆ ಬಿತ್ತು. ಅದಿನ್ನೂ ಒದ್ದೆಯಾಗಿತ್ತು. ಮಗುವಿನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಒಂದು ಉಸಿರು ಬಂದರೆ ಇನ್ನೊಂದಕ್ಕೆ ಕಾಯಬೇಕಾಗಿತ್ತು.

ಗಂಡ ಹೊಲದಿಂದ ಓಡಿಬಂದು ಗಾಡಿ ಕಟ್ಟಿದರು. ಅಜ್ಜಂಪುರದ ಆಸ್ಪತ್ರೆಯ ದಾರಿಯುದ್ದಕ್ಕೂ ನಾನು ಅವನ ಅಂಗಾಲು ತಿಕ್ಕುತ್ತಾ, ಅಳೋ, ಅಳೋ ಮಗನೆ, ಎಂದು ಕೇಳಿಕೊಂಡೆ. ಊರು ಕಣ್ಣಿಗೆ ಬೀಳುವ ಮೊದಲೇ ಉಸಿರು ನಿಂತಿತು. ಗಂಡ ಎತ್ತುಗಳನ್ನು ನಿಲ್ಲಿಸಿ ಗಾಡಿಯ ಮೂಕಿಯ ಮೇಲೆ ಕೂತರು. ಅವತ್ತು ಮಳೆ ಬರಲೂ ಇಲ್ಲ.

"ಮೊದ್ಲು ಕೊಡ್ತಿದ್ದಷ್ಟೇ ಕಣೇ. ಒಂದ್ ಚೂರೂ ಜಾಸ್ತಿ ಇಲ್ಲ. ಅದೇ ಸಾಸಿವೆ ಕಾಳು," ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಹೇಳುತ್ತಲೇ ಇದ್ದರು. ಅದು ನಿಜವೇ ಆಗಿತ್ತು. ಮುಂದಿನ ಸಲ ನರ್ಸಮ್ಮ ಬಂದಾಗ ಅದರ ಅರ್ಥ ತಿಳಿಯಿತು. ದಿನಾ ತಿನ್ನುವಾಗ ಮೈ ಆ ಅಳತೆಗೆ ಒಗ್ಗಿಕೊಂಡಿರುತ್ತದಂತೆ, ಬಿಟ್ಟ ಮೇಲೆ ಮೈಗೆ ಮೊದಲಿನ ತಡೆಯುವ ಶಕ್ತಿ ಇರುವುದಿಲ್ಲವಂತೆ. ಹಳೆಯ ಅಳತೆಯೇ ಈಗ ಕೊಲ್ಲುವಷ್ಟಾಯಿತು. ಅವರು ಈ ಸಲ ಯಾರಿಗೂ ಬೈಯಲಿಲ್ಲ. ಜಗಲಿಯ ಮೇಲೆ ಕೂತು ನನ್ನ ಕೈ ಹಿಡಿದುಕೊಂಡರು.

ಅತ್ತೆಯ ಮೇಲೆ ನನಗೆ ಬೆಟ್ಟದಷ್ಟು ಸಿಟ್ಟಿತ್ತು, ಆದರೆ ಮಾವನ ಮೇಲಿದ್ದದ್ದು ಅಸಹ್ಯ. ಕೂಸನ್ನು ಮಣ್ಣು ಮಾಡುವಾಗ ಎಲ್ಲರಿಗಿಂತ ಹೆಚ್ಚು ಅತ್ತವರು ಅವರೇ. ಡಬ್ಬಿಯನ್ನು ಬಾವಿಗೆ ಎಸೆದರು. ಎರಡು ದಿನ ತಡೆದರು. ಆಮೇಲೆ ಮೂಗು ಸೋರಿತು, ಆಕಳಿಕೆ ಬಂತು, ಕೈಕಾಲು ನಡುಗಿತು. ಆ ಒಂದೊಂದನ್ನೂ ನಾನು ಮಗನ ಮೈಯಲ್ಲಿ ಕಂಡಿದ್ದೆ. ಮಾರನೆಯ ಬೆಳಿಗ್ಗೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಸ್ಟೇಷನ್ನಿನ ಕಡೆ ಹೊರಟರು. ಬಾಗಿಲಲ್ಲಿ ನಾನಿದ್ದೆ. "ನನ್ ಕೈಲಿ ಆಗಲ್ಲ ಕಣವ್ವ," ಅಂದರು, ತಲೆ ಎತ್ತದೆ. ನನ್ನ ಕೂಸು ಗೆದ್ದದ್ದನ್ನು ಅವರು ಗೆಲ್ಲಲಿಲ್ಲ. ಸಾಯುವವರೆಗೂ ಕಡೂರಿನ ರೈಲು ಹತ್ತಿದರು. ಅಫೀಮನ್ನು ಮಾತ್ರ ಮತ್ತೆ ಮನೆಯೊಳಗೆ ತರಲಿಲ್ಲ.

ಆ ಬೇಸಿಗೆಯಲ್ಲಿ ಊರಿನ ಹೆಂಗಸರು ಒಬ್ಬೊಬ್ಬರಾಗಿ ನನ್ನ ಹತ್ತಿರ ಬಂದು ಕೂತರು. ನನ್ನ ಎರಡನೇದು ಹಿಂಗೇ ಮಲಗಿದ್ದು ಏಳಲಿಲ್ಲ, ಬಾಲಗ್ರಹ ಅಂದರು, ಎಂದಳು ಒಬ್ಬಳು. ನನ್ನ ತಂಗೀದೂ, ಎಂದಳು ಇನ್ನೊಬ್ಬಳು. ನಾಲ್ಕು ವರ್ಷಕ್ಕೂ ಮಾತು ಬಾರದ ಮಗನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬಂದವಳೊಬ್ಬಳು ಅವನ ಬಾಯಿ ಒರೆಸಿ ಎದ್ದುಹೋದಳು. ಈಗ ಟೀವಿಯಲ್ಲಿ ಕಾಲೇಜು ಹುಡುಗರು ಡ್ರಗ್ಸ್ ತಿಂದು ದೇಶ ಹಾಳಾಯಿತು ಎಂದು ಕೂಗಾಡುವವರನ್ನು ಕಂಡರೆ ನನಗೆ ರೇಗುತ್ತದೆ. ಅದೇನು ನಿನ್ನೆ ಮೊನ್ನೆ ಬಂದದ್ದೇ? ತೊಟ್ಟಿಲಲ್ಲೇ ತಿನ್ನಿಸಿದವರು ನಾವು.

ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು. ಅವಳನ್ನು ಅತ್ತೆಯ ಹತ್ತಿರ ಬಿಟ್ಟು ಹೋಗಲು ನನಗೆ ಮನಸ್ಸು ಬರಲಿಲ್ಲ, ಹೊಲಕ್ಕೇ ಹೊತ್ತುಕೊಂಡು ಹೋಗುತ್ತಿದ್ದೆ. ಒಂದು ದಿನ ಬಿಸಿಲು ಜೋರಾಗಿ ಮಗಳಿಗೆ ಜ್ವರ ಬಂದು, ಬೇರೆ ದಾರಿಯಿಲ್ಲದೆ ಬಿಟ್ಟೆ. ಹೊಲದಲ್ಲಿ ಕೈ ಓಡದೆ ಬೇಗ ಹೊರಟುಬಂದೆ. ಬೀದಿಯ ತಿರುವಿನಲ್ಲೇ ಅವಳ ಅಳು ಕೇಳಿಸಿತು. ಅತ್ತೆ ಅವಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಮುಂದೆ ಅತ್ತಿಂದಿತ್ತ ನಡೆದಾಡುತ್ತಿದ್ದರು. ಸೀರೆಯೆಲ್ಲ ಬೆವರು.

ಪಕ್ಕದ ಮನೆಯಾಕೆ ಹೊಸಿಲಲ್ಲಿ ನಿಂತು, "ಏನಜ್ಜೀ, ಅವಾಗ್ಲಿಂದ ಅಳ್ತೈತೆ, ಸುಮ್ನಿರ್ಸಬಾರ್ದಾ?" ಅಂದಳು.

"ಅಳ್ಲಿ ಬಿಡವ್ವ," ಅಂದರು ಅತ್ತೆ. "ಅಳ್ತಾ ಇದ್ರೆ ಐತೆ ಅಂತ ಗೊತ್ತಾಯ್ತದೆ."

ಮಾರನೆಯ ದಿನದಿಂದ ಮಗಳನ್ನು ಅವರ ಹತ್ತಿರವೇ ಬಿಟ್ಟೆ. ಹೊಲದಿಂದ ಬರುವಾಗ ತಿರುವಿನವರೆಗೆ ಓಡುತ್ತಿದ್ದೆ. ಅವಳ ಅಳು ಕಿವಿಗೆ ಬಿದ್ದ ಮೇಲೆ ನಿಧಾನವಾಗಿ ನಡೆದು ಮನೆಗೆ ಬರುತ್ತಿದ್ದೆ.